ಕೊಂಡಿ ಸಾಲಿನ ಮೇಲೆ ಕನ್ನಡಿ

ಬೆರಳಿಗೆ ಇನ್ನು ತಿಳಿಯದೇ ಹೋದರೆ ಏನು ಮಾಡುವುದು ಎಂದು ಬೋರವ್ವ ಆರು ತಿಂಗಳಿಂದ ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳುತ್ತಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕೆಲಸದ ಕಡೆಯಂತೂ ಹೇಳುವ ಮಾತೇ ಇಲ್ಲ. ಬೆಳಗಿನ ಆರೂವರೆ. ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ, ಮೇಜಿನ ಹಲಗೆಯೊಂದರ ಮೇಲೆ ಅವರು ಬಲಗೈ ಆಡಿಸುತ್ತಾರೆ. ಆಮೇಲೆ ಎಡಗೈ. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಗ್ಗಿ ಕೆನ್ನೆ ಒತ್ತುತ್ತಾರೆ. ಬೆರಳಿಗೆ ಸಿಗದ ಗೀರು ಕೆನ್ನೆಗೆ ಸಿಗುತ್ತದೆ.

ಹಲಗೆಯ ಒಳಗೆ ಇಳಕಲ್ ಸೀರೆಯ ಸೆರಗು ಮಲಗಿದೆ. ಉಡಲೂ ಆಗದ, ಬಿಸಾಡಲೂ ಮನಸ್ಸಾಗದ ಸೀರೆಗಳನ್ನು ಜನ ಇಲ್ಲಿಗೆ ತಂದುಕೊಡುತ್ತಾರೆ. ಶೆಡ್ಡಿನ ಮಾಲೀಕ ಯುನೂಸ ಸೆರಗನ್ನು ಫೈಬರ್ ಹಲಗೆಗೆ ಅಂಟಿಸಿ, ಅದರ ಮೇಲೆ ಜೇನಿನಷ್ಟು ಮಂದವಾದ, ಬಣ್ಣವಿಲ್ಲದ ಜೆಲ್ ಕೋಟನ್ನು ಮೂರು ಸಲ ಬಳಿಯುತ್ತಾರೆ. ಗಟ್ಟಿಯಾದ ಮೇಲೆ ಅದು ಉಬ್ಬುತಗ್ಗಾಗಿ, ಉಸಿರು ತಾಗಿದ ಗಾಜಿನ ಹಾಗೆ ಮಸುಕಾಗಿ ನಿಲ್ಲುತ್ತದೆ. ಅದನ್ನು ಮುಖ ಕಾಣುವ ಕನ್ನಡಿ ಮಾಡುವುದು ಬೋರವ್ವನವರ ಕೆಲಸ. ಹನ್ನೊಂದು ವರ್ಷವಾಯಿತು.

"ನಾನೂರು ನಂಬರಿನ ಉಜ್ಜೂ ಕಾಗದದಿಂದ ಚಾಲೂ ಮಾಡೂದ್ರಿ. ಆಮ್ಯಾಲ ಆರನೂರು, ಎಂಟನೂರು, ಸಾವಿರ, ಹಂಗ ಎರಡು ಸಾವಿರದ ತನಕ. ನಂಬರ ಏರಿದಂಗ ಕಾಗದ ನುಣ್ಣಗ ಆಗತೈತಿ, ನನ್ನ ರಟ್ಟಿ ಕಲ್ಲ ಆಗತಾವು" ಎಂದು ನೀರು ಚಿಮುಕಿಸುತ್ತಾರೆ. ಒಂದು ಕಾಗದ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಉದ್ದನೆಯ ಗೀರುಗಳೆಲ್ಲ ಅಳಿದು ಅಡ್ಡನೆಯವು ಮಾತ್ರ ಉಳಿದರೆ ಆ ಕಾಗದ ಮುಗಿಯಿತು. ಪ್ರತಿ ಕಾಗದಕ್ಕೂ ಬಕೆಟ್ ತೊಳೆಯಬೇಕು, ಮೊಳಕೈತನಕ ಕೈ ತೊಳೆಯಬೇಕು, ಒರೆಸುವ ಬಟ್ಟೆ ಬದಲಿಸಬೇಕು. ನಾನೂರರ ಒಂದೇ ಒಂದು ಕಣ ನೀರಿನಲ್ಲಿ ಉಳಿದರೂ ಎರಡು ದಿನದ ಕೆಲಸಕ್ಕೆ ಗೀರು ಎಳೆಯುತ್ತದೆ. ಮೂರಡಿ ಹಲಗೆಗೆ ಹದಿನಾಲ್ಕು ಬಕೆಟ್ ನೀರು. ಕೊನೆಗೆ ಕಂಪೌಂಡು ಎಂಬ ಹೊಳಪಿನ ಲೇಪ ಸವರಿ, ಬಫ್ ಎನ್ನುವ ಉಣ್ಣೆಯ ಮೆತ್ತೆ ಕಟ್ಟಿದ ಮಿಷನ್ ತಿರುಗಿಸುತ್ತಾರೆ. ಮೇಲಿನ ಟ್ಯೂಬ್‌ಲೈಟು ಹಲಗೆಯಲ್ಲಿ ಬಾಗದೆ, ಅಲುಗದೆ ಮೂಡಿದರೆ ಪಾಸು.

"ಆ ಮಿಷನ್ ನೋಡ್ರಿ, ಕಡೀಕ ಐದು ಮಿಂಟ ಬಂದು ಎಲ್ಲಾ ಹೆಸರು ತಾನ ಒಯ್ತೈತಿ" ಎಂದು ಬೋರವ್ವ ಅದರ ಬೆನ್ನಿಗೊಂದು ತಟ್ಟುತ್ತಾರೆ.

ಅವರ ತವರು ಬೇವೂರು. ವಯಸ್ಸು ನಲವತ್ತೆಂಟು ಇರಬಹುದು ಎನ್ನುತ್ತಾರೆ. ಮದುವೆಯಾಗಿ ಬಂದ ಮೇಲೆ ಏಳು ವರ್ಷ ಕಲ್ಲಿನ ಫ್ಯಾಕ್ಟರಿಯಲ್ಲಿ ಗ್ರಾನೈಟ್ ತೊಳೆದರು. ಆಮೇಲೆ ಇಲ್ಲಿ. ಹದಿನೆಂಟು ವರ್ಷದ ನೀರು ಮತ್ತು ಕಾಗದ ಸೇರಿ ಬೆರಳ ತುದಿಯ ಗೆರೆಗಳನ್ನು ಅಳಿಸಿಹಾಕಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. "ನೀ ಬೋರವ್ವ ಅಲ್ಲ ಅಂತೈತ್ರಿ. ಹಂಗಾರ ನಾ ಯಾರೋ ಯಪ್ಪಾ ಅಂತ ಕೇಳಿದರ ಅದಕ್ಕ ಬಾಯಿಲ್ಲ." ಈಗ ಕಣ್ಣು ತೋರಿಸಿ ಅಕ್ಕಿ ತರುತ್ತಾರೆ. ಅಲ್ಲಿ ನಗು ಬರುತ್ತದೆ. ಹಲಗೆಯ ಮುಂದೆ ಬರುವುದಿಲ್ಲ.

ಯಾಕೆಂದರೆ ಇಳಕಲ್ ಸೀರೆಯಲ್ಲಿ ಒಂದು ಜಾಗವಿದೆ. ಮೈಯ ಎಳೆಯೇ ಬೇರೆ, ಸೆರಗಿನ ಎಳೆಯೇ ಬೇರೆ. ಎರಡನ್ನೂ ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಆ ಕೊಂಡಿಗಳ ಸಾಲು ಉಳಿದ ಬಟ್ಟೆಗಿಂತ ಒಂದು ನೂಲಿನಷ್ಟು ಎತ್ತರ. ಅಲ್ಲಿ ಮೇಲಿನ ಜೆಲ್ ತೆಳುವಾಗಿರುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ. ಆ ಉಬ್ಬನ್ನು ಬೆರಳೇ ಅರಿತು ಕಾಗದವನ್ನು ಹಗುರ ಮಾಡಬೇಕು.

ಸೋಮವಾರ ಬೆರಳು ಅರಿಯಲಿಲ್ಲ. ಉಜ್ಜುವಾಗ ಏಳುವ ರಾಡಿ ಯಾವಾಗಲೂ ಹಾಲಿನಂತೆ ಬಿಳುಪು. ಅಂದು ಅದು ಕಾಗದದ ಅಂಚಿನಲ್ಲಿ ಸೆರಗಿನ ಕೆಂಪಿಗೆ ತಿರುಗಿತು. ಬೋರವ್ವ ಕೈ ಎತ್ತುವಷ್ಟರಲ್ಲಿ ಒಂದು ಕೊಂಡಿ ಕಡಿದುಹೋಗಿತ್ತು.

ಯುನೂಸ ಬಂದು ನೋಡಿದರು. ಬೈಯಲಿಲ್ಲ. "ಬಿಡ ಬೋರಕ್ಕಾ, ದಣದೀ ನೀ. ಒಂದ ಚಮಚಾ ಜೆಲ್ ಹಾಕಿ ಮತ್ತ ತಿಕ್ಕಿದರ ಆತು. ಸೀರಿ ಕೊಟ್ಟವರೇನ ದುರ್ಬೀನ ಹಚಗೊಂಡ ನೋಡ್ತಾರೇನು?"

ಜೆಲ್ ತುಂಬಿ ಮತ್ತೆ ನಾನೂರರಿಂದ ಎರಡು ಸಾವಿರದವರೆಗೆ ಉಜ್ಜಿದ್ದಾಯಿತು. ಎದುರಿನಿಂದ ಏನೂ ಕಾಣುವುದಿಲ್ಲ. ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ, ಒಣಗಿದ ನೀರಹನಿಯ ಗುರುತಿನಂತೆ, ತೆಳ್ಳಗೆ ಒಂದು ಬಳೆ. ಈ ಬೆಳಿಗ್ಗೆ ಬೋರವ್ವ ಕೆನ್ನೆ ಒತ್ತಿದ್ದು ಅಲ್ಲಿಯೇ. ದಣಿವು ಎಂದರೆ ಒಂದು ದಿನದ ಮಾತು, ನಿದ್ದೆ ಮಾಡಿದರೆ ಹೋಗುತ್ತದೆ. ಬೆರಳೇ ಹೋಗಿದೆ ಎಂದರೆ ಈ ಹಲಗೆಯ ಮುಂದೆ ಬೇರೆ ಯಾರೋ ಕೂರುತ್ತಾರೆ. ಯುನೂಸ ಹೇಳಿದ ಕಾರಣವನ್ನು ಅವರು ನಾಲ್ಕು ದಿನದಿಂದ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದಾರೆ.

ಹತ್ತು ಗಂಟೆಗೆ ಹುನಗುಂದದ ಕೋರ್ಟಿನಲ್ಲಿ ವಕೀಲರಾಗಿರುವ ಮಹೇಶ್ವರಿ ಹಲಗೆ ಒಯ್ಯಲು ಬರುತ್ತಾರೆ. ಸೀರೆ ಅವರ ತಾಯಿ ನೇಯ್ದದ್ದು. ಮಗ್ಗ ಬಿಡುವ ಮೊದಲು ನೇಯ್ದ ಕೊನೆಯ ಸೀರೆ. ತಾಯಿ ಈಗಿಲ್ಲ.

"ಬರ್ರಿ ಮೇಡಂ, ಮಾರಿ ನೋಡ್ಕೋರಿ" ಎನ್ನುತ್ತಾರೆ ಯುನೂಸ.

"ಅಯ್ಯ, ನನ್ನ ಬಿಳಿ ಕೂದಲಾ ಎಣಸಬಹುದಲ್ರೀ ಇದರಾಗ! ಕಕ್ಷಿದಾರರು ನನ್ನ ಮಾರಿ ಬಿಟ್ಟು ತಮ್ಮ ಮಾರೀನ ನೋಡ್ಕೋತ ಕೂಡ್ತಾರ."

ನಗುತ್ತಲೇ ಅವರ ಬೆರಳು ಕೊಂಡಿ ಸಾಲಿನ ಮೇಲೆ ನಿಲ್ಲುತ್ತದೆ. ದನಿ ಇಳಿಯುತ್ತದೆ. "ಒಂದೊಂದೂ ಕೈಲೇ ಹಾಕಾಕಿ ನಮ್ಮವ್ವ. ಒಂದ ತಪ್ಪಿದರ ಎಲ್ಲಾ ಬಿಚ್ಚಿ ಮತ್ತ ಹಾಕಾಕಿ. ನಾವು, ಇರಲಿ ಬಿಡಬೇ, ಯಾರ ನೋಡ್ತಾರ ಅಂದರ, ನಾ ನೋಡೇನಲ್ಲ ಅನ್ನಾಕಿ."

ಗಿರಾಕಿ ಬಂದರೆ ಬೋರವ್ವ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋಗುವುದು ರೂಢಿ. ಹನ್ನೊಂದು ವರ್ಷದಲ್ಲಿ ಒಬ್ಬ ಗಿರಾಕಿಯ ಜೊತೆಗೂ ಅವರು ಮಾತಾಡಿದವರಲ್ಲ. ಇವತ್ತೂ ಅರ್ಧ ದಾರಿ ಹೋಗಿದ್ದಾರೆ. ನಿಲ್ಲುತ್ತಾರೆ. ಬಕೆಟ್ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡು ಹಿಂದಿರುಗುತ್ತಾರೆ. ಯುನೂಸ ಬೇಡವೆಂಬಂತೆ ಕಣ್ಣು ಮಾಡುವುದನ್ನು ನೋಡಿಯೂ, ಮಹೇಶ್ವರಿಯವರ ಬೆರಳನ್ನು ಹಿಡಿದು ಎರಡು ಇಂಚು ಪಕ್ಕಕ್ಕೆ ಸರಿಸುತ್ತಾರೆ.

"ಇಲ್ಲೆ ನೋಡ್ರಿ ಯವ್ವಾ. ನಿಮ್ಮವ್ವ ಹಾಕಿದ ಕೊಂಡ್ಯಾಗ ಒಂದನ್ನ ನಾ ಕಡದೇನಿ. ದಣದಿದ್ದಿಲ್ರಿ ನಾ. ನನ್ನ ಬೆರಳಿಗೆ ಈಗ ಏನೂ ತಿಳಿಯಂಗಿಲ್ಲ."