ಬಲಗಡೆಗೆ ಎರಡು ಚಮಚ ಕಡಿಮೆ

ನನ್ನ ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ನಾನು ಸುಮಾರು ಅರ್ಧ ಗಂಟೆ ಮನಸಾರೆ ನಂಬಿದ್ದೆ.

ವರ್ಗವಾಗಿ ಅಣ್ಣನ ಊರಿಗೆ ಬಂದ ಹೊಸತು. ಒಂದು ಸಂಜೆ ಅವನ ಮನೆಗೆ ಹೋದವನು, ಅತ್ತಿಗೆ ತಾರಸಿಯಲ್ಲಿದ್ದಾರೆಂದು ತಿಳಿದು ಮೆಟ್ಟಿಲು ಹತ್ತಿದೆ. ಐವತ್ತು ದಾಟಿದ ಹೆಂಗಸು, ಒಣಹಾಕಿದ ಬಟ್ಟೆಗಳ ನಡುವೆ, ಬಲಗೈ ನೇರ ಚಾಚಿಕೊಂಡು, ನಿಂತಲ್ಲೇ ಎಡಕ್ಕೆ ಸುತ್ತುತ್ತಿದ್ದರು. ಮುಷ್ಟಿಯಲ್ಲಿ ಒಂದು ಮರದ ಹಿಡಿ. ಹಿಡಿಗೆ ಏನೂ ಕಟ್ಟಿರಲಿಲ್ಲ. ಕಣ್ಣು ಮಾತ್ರ ಬರಿಯ ಆಕಾಶದಲ್ಲಿ ಯಾವುದನ್ನೋ ಹಿಂಬಾಲಿಸುತ್ತಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಕೆಳಗಿಳಿದೆ.

"ಎಷ್ಟು ದಿನದಿಂದ ಹೀಗೆ?" ಎಂದು ಅಣ್ಣನ ಕಿವಿಯಲ್ಲಿ ಕೇಳಿದೆ.

"ಹನ್ನೊಂದು ವರ್ಷ ಆಯ್ತು," ಅಂದ ಅಣ್ಣ, ಪೇಪರಿನಿಂದ ತಲೆ ಎತ್ತದೆ.

"ಡಾಕ್ಟರಿಗೆ ತೋರಿಸಿದ್ಯಾ?"

"ಡಾಕ್ಟರೇ ಇವಳಿಗೆ ತೋರಿಸೋಕೆ ಬರ್ತಾರೆ. ಹೋದ ಭಾನುವಾರ ಪಾಪ, ಅವರದ್ದು ಬಿದ್ದು ರೆಕ್ಕೆ ಮುರೀತು."

ಡಾಕ್ಟರ ರೆಕ್ಕೆ ಮುರಿಯಿತೆಂದು ಕೇಳಿದ ಮೇಲೆ ನನಗೆ ಅಣ್ಣನ ಮೇಲೂ ಅನುಮಾನ ಬಂತು. ಅತ್ತಿಗೆ ಕೆಳಗೆ ಬಂದು, ಮಂಚದಡಿಯಿಂದ ನಾಲ್ಕಡಿ ಅಗಲದ ವಿಮಾನವೊಂದನ್ನು ಎಳೆದು ತೋರಿಸಿದಾಗಲೇ ನನ್ನ ಜೀವ ಜಾಗಕ್ಕೆ ಬಂದದ್ದು. ಅವರು ತಾರಸಿಯಲ್ಲಿ ಅಭ್ಯಾಸ ಮಾಡುತ್ತಿದ್ದರು, ಅಷ್ಟೆ.

ಈ ವಿಮಾನಕ್ಕೆ ಕಂಟ್ರೋಲ್ ಲೈನ್ ಎಂದು ಹೆಸರು. ನಮ್ಮ ಮನೆಯಲ್ಲಿ ತಂತಿ ವಿಮಾನ ಎನ್ನುತ್ತೇವೆ. ಕೂದಲಿನಷ್ಟು ತೆಳ್ಳಗಿನ ಎರಡು ಉಕ್ಕಿನ ತಂತಿ, ಒಂದೊಂದೂ ಅರವತ್ತು ಅಡಿ. ಒಂದು ತುದಿ ವಿಮಾನದ ಎಡ ರೆಕ್ಕೆಯಲ್ಲಿ, ಇನ್ನೊಂದು ತುದಿ ಹಾರಿಸುವವರ ಕೈಯ ಹಿಡಿಯಲ್ಲಿ. ವಿಮಾನ ಅವರ ಸುತ್ತ ಸುತ್ತುತ್ತದೆ, ಅವರು ಅದರ ಜೊತೆ ಸುತ್ತುತ್ತಾರೆ. ಮಣಿಕಟ್ಟು ಎತ್ತಿದರೆ ಮೇಲೆ, ಇಳಿಸಿದರೆ ಕೆಳಗೆ. ತಂತಿ ಬಿಗಿಯಾಗಿರುವವರೆಗೆ ಮಾತ್ರ ಈ ಮರ್ಯಾದೆ. ಸಡಿಲವಾಯಿತೋ, ಕೈಯಲ್ಲಿ ಉಳಿಯುವುದು ಒಂದು ಮರದ ತುಂಡು.

ಅತ್ತಿಗೆಯ ಹೊಟ್ಟೆಪಾಡು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿ. ಒಂದೇ ಹಾಲಿನಲ್ಲಿ ಅರವತ್ತು ಯಂತ್ರ ಒಟ್ಟಿಗೆ ಕಿರುಚುವಾಗ, ಸಾಲಿನ ನಡುವೆ ನಡೆಯುತ್ತಿದ್ದವರು ಥಟ್ಟನೆ ನಿಂತು, "ಇದಕ್ಕೆ ಎಣ್ಣೆ ಬಿಡಮ್ಮ, ಗಂಟಲು ಒಣಗಿದೆ," ಎನ್ನುತ್ತಿದ್ದರು. ಮುಚ್ಚಳ ತೆಗೆದು ನೋಡಿದರೆ ಒಣಗಿಯೇ ಇರುತ್ತಿತ್ತು. ಆ ಕಿವಿಯನ್ನೇ ಅವರು ಭಾನುವಾರ ಊರಾಚೆಯ ಮೈದಾನಕ್ಕೆ ತರುತ್ತಿದ್ದರು. ಅಲ್ಲಿ ಸೇರುವ ತಂತಿ ವಿಮಾನದವರ ಕ್ಲಬ್ಬಿನಲ್ಲಿ ಜೋಡಿ ಎಂಜಿನ್ನಿನ ವಿಮಾನ ಕಟ್ಟುವವರೆಲ್ಲ ಮೊದಲು ಎಂಜಿನ್ನುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಇವರ ಮುಂದೆ ಬಂದು ನಿಲ್ಲಬೇಕು. ಯಾವುದು ಯಾವುದರ ಜೊತೆ ಬಾಳುತ್ತದೆ ಎಂದು ಹೇಳುವ ಅಧಿಕಾರ ಅತ್ತಿಗೆಯದು.

ಅಧಿಕಾರ ಎಂಬ ಮಾತು ಕೇಳಿದರೆ ಕ್ಲಬ್ಬಿನ ಕಾರ್ಯದರ್ಶಿಗೆ ಹಲ್ಲುನೋವು ಬರುತ್ತಿತ್ತು. ಅವರೇ ಹಲ್ಲಿನ ಡಾಕ್ಟರು. ಅಣ್ಣ ಹೇಳಿದ ರೆಕ್ಕೆ ಮುರಿದವರೂ ಅವರೇ. ಕೊರಳಲ್ಲಿ ಸದಾ ಒಂದು ಸೀಟಿ. ಯಾರಾದರೂ ನಮಸ್ಕಾರ ಹೇಳಿದರೂ ಮೊದಲು ಸೀಟಿ ಊದಿ ಆಮೇಲೆ ನಮಸ್ಕಾರ ಹೇಳುವ ಜಾತಿ. ಆ ವರ್ಷ ಕ್ಲಬ್ಬುಗಳ ನಡುವಿನ ಸ್ಪರ್ಧೆಗೆ ನಮ್ಮಿಂದ ಒಂದೇ ಜೋಡಿ ಎಂಜಿನ್ ವಿಮಾನ ಹೋಗಬೇಕಿತ್ತು. ವಿಮಾನ ಅತ್ತಿಗೆಯದೇ ಎಂದು ತೀರ್ಮಾನವಾಯಿತು. ಎಂಜಿನ್ ಯಾವುದು ಎಂದು ಜಗಳ ಶುರುವಾಯಿತು.

ಡಾಕ್ಟರು ಹೊಚ್ಚ ಹೊಸ ದೊಡ್ಡ ಎಂಜಿನ್ ಎರಡನ್ನು ಮೇಜಿನ ಮೇಲಿಟ್ಟರು. "ಶಕ್ತಿ ಬೇಕಮ್ಮಾ, ಶಕ್ತಿ! ಗಾಳಿ ಎದುರು ಬಂದರೆ ನಿಮ್ಮ ಪುಟಾಣಿಗಳು ಏನು ಮಾಡ್ತಾವೆ?"

"ಓಡ್ತಾವೆ," ಅಂದರು ಅತ್ತಿಗೆ.

ಅವರು ಒಂದೇ ಅಳತೆಯ ಏಳು ಚಿಕ್ಕ ಎಂಜಿನ್ನುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಎರಡು ತಿಂಗಳು ಒಂದೊಂದನ್ನೂ ಹಿತ್ತಲಿನ ಹಲಗೆಗೆ ಬಿಗಿದು ಓಡಿಸಿ, ಎಷ್ಟು ಸಲ ತಿರುವಿದರೆ ಹೊತ್ತಿಕೊಳ್ಳುತ್ತದೆ, ಕಾದ ಮೇಲೆ ದನಿ ಏರುತ್ತದೋ ಇಳಿಯುತ್ತದೋ, ಒಂದೇ ಅಳತೆಯ ಇಂಧನಕ್ಕೆ ಎಷ್ಟು ಸೆಕೆಂಡು ಬಾಳುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಆರಿಸಿದ್ದು ಮೂರನೆಯದನ್ನೂ ಆರನೆಯದನ್ನೂ. ಏಳರಲ್ಲೂ ಜೋರಾದದ್ದು ಒಂದನೆಯದು.

"ಅದ್ಯಾಕೆ ಬೇಡ?" ಅಂತ ಕೇಳಿದೆ.

"ಅದು ಶುರುವಲ್ಲಿ ಅಬ್ಬರ, ಆಮೇಲೆ ಸುಸ್ತು. ಮನೇಲಿ ನಿಮ್ಮಣ್ಣ ಇದಾರಲ್ಲ, ಸಾಕು."

"ನಾನು ಇಲ್ಲೇ ಇದೀನಿ ಕಣೇ," ಎಂದು ಒಳಗಿನಿಂದ ಅಣ್ಣನ ದನಿ ಬಂತು.

ಕ್ಲಬ್ಬಿನ ಸಭೆಯಲ್ಲಿ ಅತ್ತಿಗೆ ಎದ್ದು ನಿಂತು ಹೇಳಿದರು: "ದೊಡ್ಡದು ಬೇಡ, ಒಂದೇ ಥರ ಓಡೋವು ಬೇಕು. ನನ್ನ ಆಯ್ಕೆ ತಪ್ಪಾದ್ರೆ ಇನ್ಮೇಲೆ ಯಾರ ಎಂಜಿನ್ನನ್ನೂ ಮುಟ್ಟಲ್ಲ." ಡಾಕ್ಟರು ಸೀಟಿ ಊದಿ, ಈ ಮಾತನ್ನು ಎಲ್ಲರೂ ಕೇಳಿಸಿಕೊಳ್ಳಬೇಕೆಂದು ವಿನಂತಿಸಿದರು.

ನಾನು ಆಗಲೇ ಸಹಾಯಕನಾಗಿದ್ದೆ. ನನ್ನ ಕೆಲಸ ವಿಮಾನದ ಬಾಲ ಹಿಡಿದುಕೊಳ್ಳುವುದು, ಅವರು ಕೈ ಆಡಿಸಿದಾಗ ಬಿಡುವುದು. ಈ ಮಹಾಕಾರ್ಯಕ್ಕೆ ಒಂದು ಟೋಪಿ ಕೊಂಡಿದ್ದೆ. ಎದೆಗೆ "ತಾಂತ್ರಿಕ ಸಹಾಯಕ" ಎಂಬ ಬಿಲ್ಲೆ ನಾನೇ ಬರೆಸಿ ಹಾಕಿಕೊಂಡಿದ್ದೆ. ಅತ್ತಿಗೆ ಎಷ್ಟೋ ಸಲ ನನಗೆ ಒಂದು ವಿಷಯ ಬಿಡಿಸಿ ಹೇಳಿದ್ದರು. ವೃತ್ತದ ಒಳಗಡೆಯ, ಅಂದರೆ ಎಡಗಡೆಯ ಎಂಜಿನ್ ಕೊನೆಯವರೆಗೆ ಓಡಬೇಕು. ಹೊರಗಡೆಯದು, ಬಲಗಡೆಯದು, ಮೊದಲು ನಿಲ್ಲಬೇಕು. ಬಲಗಡೆಯದು ಮೊದಲು ನಿಂತರೆ ಎಡಗಡೆಯದು ಮೂತಿಯನ್ನು ಹೊರಗೆ ತಳ್ಳುತ್ತದೆ, ತಂತಿ ಬಿಗಿಯಾಗಿಯೇ ಇರುತ್ತದೆ. ಎಡಗಡೆಯದು ಮೊದಲು ನಿಂತರೆ ಬಲಗಡೆಯದು ಮೂತಿಯನ್ನು ಒಳಗೆ ತಿರುಗಿಸುತ್ತದೆ, ತಂತಿ ಸಡಿಲ, ಮುಂದಿನದು ದೇವರಿಗೇ ಗೊತ್ತು. ಅದಕ್ಕೇ ಎಡಗಡೆಯ ಟ್ಯಾಂಕಿಗೆ ಗುರುತಿನವರೆಗೆ ಇಂಧನ, ಬಲಗಡೆಗೆ ಎರಡು ಚಮಚ ಕಡಿಮೆ.

"ಗೊತ್ತಾಯ್ತಾ?" ಎಂದು ಪ್ರತಿ ಸಲ ಕೇಳುತ್ತಿದ್ದರು.

"ಗೊತ್ತು, ಗೊತ್ತು," ಎಂದು ಪ್ರತಿ ಸಲ ತಲೆಯಾಡಿಸುತ್ತಿದ್ದೆ. ನಾನು ಆಗ ಟೋಪಿಯ ಬಣ್ಣದ ಬಗ್ಗೆ ಯೋಚಿಸುತ್ತಿರುತ್ತಿದ್ದೆ.

ಸ್ಪರ್ಧೆಯ ದಿನ ಅತ್ತಿಗೆ ಸಿರಿಂಜಿನಿಂದ ಎರಡೂ ಟ್ಯಾಂಕಿಗೆ ಇಂಧನ ಹಾಕಿ, ಹಿಡಿ ತೆಗೆದುಕೊಂಡು ವೃತ್ತದ ನಡುವಿಗೆ ನಡೆದರು. ಅರವತ್ತಡಿ ದೂರ. ನಾನು ಕೂತು ಪಾರದರ್ಶಕ ಟ್ಯಾಂಕುಗಳನ್ನು ಗಂಭೀರವಾಗಿ ಪರೀಕ್ಷಿಸಿದೆ. ಬಲಗಡೆಯದರಲ್ಲಿ ಕಡಿಮೆ ಇತ್ತು. ಪಾಪ, ಗಡಿಬಿಡಿಯಲ್ಲಿ ಮರೆತಿದ್ದಾರೆ, ನಾನಿಲ್ಲದಿದ್ದರೆ ಏನು ಗತಿ ಎಂದುಕೊಂಡೆ. ಸಿರಿಂಜು ಅಲ್ಲೇ ಇತ್ತು. ತುಳುಕುವಷ್ಟು ತುಂಬಿಸಿ, ಒರೆಸಿ, ಟೋಪಿ ಸರಿಮಾಡಿಕೊಂಡೆ. ಕ್ಲಬ್ಬಿನವರೊಬ್ಬರು ಬಂದು ಎಂಜಿನ್ ತಿರುವಿ ಹೊತ್ತಿಸಿದರು, ಅತ್ತಿಗೆ ಕೈ ಆಡಿಸಿದರು, ನಾನು ಬಾಲ ಬಿಟ್ಟೆ.

ಐದೂವರೆ ನಿಮಿಷ ಆ ವಿಮಾನ ಹಾರಿದ್ದನ್ನು ನಾನು ಇನ್ನೂ ಮರೆತಿಲ್ಲ. ಎರಡು ಎಂಜಿನ್ನಿನದೂ ಒಂದೇ ದನಿ. ಲಾಗ, ತಲೆಕೆಳಗಾದ ಸುತ್ತು, ಮಲಗಿದ ಎಂಟರ ಆಕಾರ, ಒಂದೂ ತಪ್ಪಲಿಲ್ಲ. ಡಾಕ್ಟರ ಬಾಯಿಂದ ಸೀಟಿ ತಾನಾಗಿ ಜಾರಿತು. ಇನ್ನು ಇಳಿಯುವುದೊಂದೇ ಬಾಕಿ. ಆಗ ಎಡಗಡೆಯದು ನಿಂತಿತು.

ಅತ್ತಿಗೆಗೆ ಅದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿದಿರಬೇಕು. ತಂತಿ ಬಿಗಿಯಾಗಲೆಂದು ಹಿಂದಕ್ಕೆ ಓಡಿದರು. ಐವತ್ತು ದಾಟಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಮ್ಮುಖವಾಗಿ, ಎಡವುತ್ತ. ಬಲಗಡೆಯ ಎಂಜಿನ್ ಅಟ್ಟಹಾಸದಿಂದ ಓಡುತ್ತಲೇ ಇತ್ತು. ವಿಮಾನ ಮೂತಿ ತಿರುಗಿಸಿ, ತಂತಿಗಳನ್ನು ಗಾಳಿಯಲ್ಲಿ ಚೆಲ್ಲಿ, ಅವರ ಕಡೆಗೇ ಬಂದು ಹತ್ತು ಹೆಜ್ಜೆ ದೂರದಲ್ಲಿ ನೆಲಕ್ಕೆ ಹೊಡೆಯಿತು.

ಡಾಕ್ಟರು ಎಲ್ಲರಿಗಿಂತ ಮೊದಲು ತಲುಪಿದರು. "ನಾನು ಅವತ್ತೇ ಹೇಳಿದ್ದೆ. ಪುಟಾಣಿಗಳು!"

ಅತ್ತಿಗೆ ಮುರಿದ ರೆಕ್ಕೆ ಎತ್ತಿ, ಬಲಗಡೆಯ ಟ್ಯಾಂಕು ಅಲ್ಲಾಡಿಸಿದರು. ಒಳಗೆ ಇನ್ನೂ ಸದ್ದು ಬಂತು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಆಯ್ಕೆ ನಂದು, ತಪ್ಪೂ ನಂದೇ," ಅಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಆ ಟ್ಯಾಂಕಿನ ಸದ್ದು ಕೇಳಿದಾಗ ಅವರು ಅಷ್ಟು ಸಲ ಹೇಳಿದ್ದೆಲ್ಲ ಒಂದೇ ಸಲ ನನ್ನ ತಲೆಗೆ ಹತ್ತಿತ್ತು. ಬಾಯಿ ಒಂದಿಷ್ಟು ತೆರೆದೆ. ಎದೆಯ ಬಿಲ್ಲೆ ನೆನಪಾಯಿತು. ಬಾಯಿ ಮುಚ್ಚಿ, ಬಿಲ್ಲೆ ಕಿತ್ತು ಜೇಬಿಗೆ ಹಾಕಿಕೊಂಡೆ. ನನ್ನ ನಾಚಿಕೆಗೆ ಅವತ್ತು ನಾನು ಮಾಡಿದ ಉಪಚಾರ ಅಷ್ಟೇ.

ಮುಂದಿನ ಭಾನುವಾರದಿಂದ ಅತ್ತಿಗೆಯ ಮುಂದೆ ಯಾರೂ ಕರವಸ್ತ್ರ ಬಿಚ್ಚಲಿಲ್ಲ. ಡಾಕ್ಟರ ಮೇಜಿನ ಮುಂದೆ ಸಾಲು ನಿಂತರು. ಇದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಮನೆಯಲ್ಲಿ ನಡೆದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು. ಅತ್ತಿಗೆ ಆ ಎರಡು ಎಂಜಿನ್ನುಗಳ ಮಣ್ಣು ತೊಳೆದು, ಸಂಜೆ ಸಂಜೆ ಹಿತ್ತಲಿನಲ್ಲಿ ಓಡಿಸಿದರು. ಪ್ರತಿ ಸಲವೂ ನೋಟ್‌ಬುಕ್ಕಿನಲ್ಲಿ ಇದ್ದಷ್ಟೇ ಸೆಕೆಂಡು. ಎಂಜಿನ್ ಸರಿಯಿದೆ ಅಂದಮೇಲೆ ಕೆಟ್ಟದ್ದು ತಾನೇ ಎಂಬ ಲೆಕ್ಕಕ್ಕೆ ಬಂದರು.

"ಬಲಗಡೆಗೆ ಎರಡು ಸಲ ಹಾಕಿರ್ಬೇಕು ನಾನು. ನೆನಪೇ ಇಲ್ಲ ನೋಡು," ಎಂದು ನನಗೇ ಹೇಳಿದರು, ತಟ್ಟೆಗೆ ಬಡಿಸುತ್ತ.

ಕಾರ್ಖಾನೆಯಲ್ಲಿ ಎಣ್ಣೆ ಬಿಟ್ಟ ಯಂತ್ರಕ್ಕೆಲ್ಲ ಗುರುತಿಗೆ ಕೆಂಪು ದಾರ ಕಟ್ಟತೊಡಗಿದರಂತೆ. ಸಾಲಿನ ನಡುವೆ ಥಟ್ಟನೆ ನಿಂತು, ಏನೂ ಹೇಳದೆ, ಮತ್ತೆ ನಡೆದುಬಿಡುತ್ತಿದ್ದರಂತೆ. ಆರು ವಾರ ಹೀಗೆ ಹೋಯಿತು. ಆರೂ ವಾರ ನಾನು ಆ ಮನೆಯಲ್ಲಿ ಚೆನ್ನಾಗಿಯೇ ಊಟ ಮಾಡಿದೆ.

ಏಳನೆಯ ವಾರ ಅಣ್ಣ ನನ್ನನ್ನು ಬಾಗಿಲಿನ ಆಚೆಗೆ ಕರೆದ. ಪೇಪರು ಕೈಯಲ್ಲಿರಲಿಲ್ಲ. "ನಿಂಗೆ ಯಾರಾದ್ರೂ ಒಳ್ಳೆ ಡಾಕ್ಟರ್ ಗೊತ್ತೇನೋ? ಮರೆವಿಗೆ ನೋಡೋವ್ರು. ಅವಳು ಅಳ್ತಾಳೆ ಕಣೋ, ನಂಗೆ ಗೊತ್ತಾಗಲ್ಲ ಅಂದ್ಕೊಂಡು."

ನಾನು ನೇರ ಹಿತ್ತಲಿಗೆ ಹೋದೆ. ಎಂಜಿನ್ ಓಡುತ್ತಿತ್ತು. ಆ ಗದ್ದಲದಲ್ಲಿ ಹೇಳಿದರೆ ಅರ್ಧ ಕೇಳಿಸದೆ ಹೋಗಲಿ ಎಂಬ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳಬೇಕು. "ಅತ್ತಿಗೆ, ಅವತ್ತು ಬಲಗಡೆಗೆ ಹಾಕಿದ್ದು ನಾನು."

ಅವರು ಇಂಧನದ ಕೊಳವೆ ಚಿವುಟಿದರು. ಎಂಜಿನ್ ನಿಂತಿತು. "ಏನಂದೆ?"

"ನೀವು ನಡುವಿಗೆ ಹೋದ ಮೇಲೆ. ಕಮ್ಮಿ ಇದೆ ಅನ್ನಿಸ್ತು. ತುಂಬಿಸ್ಬಿಟ್ಟೆ."

"ಎಷ್ಟು?"

"ತುಂಬೋವರೆಗೂ."

"ಸಿರಿಂಜಲ್ಲಿ ಎಷ್ಟು ಅಂತ ಕೇಳ್ತಿದೀನಿ."

"ಒಂದೂವರೆ."

ಅವರು ನೋಟ್‌ಬುಕ್ ತೆರೆದು ಬರೆದುಕೊಂಡರು, ಬೆರಳು ಮಡಚಿ ಲೆಕ್ಕ ಹಾಕಿದರು. "ಬಲಗಡೆಯದು ನಲವತ್ತು ಸೆಕೆಂಡು ಜಾಸ್ತಿ ಓಡುತ್ತೆ. ಹೌದು. ಸರಿಯಾಗಿ ನಲವತ್ತು," ಅಂದರು. ಆಮೇಲೆ ಹಲಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಎರಡು ಕೈಯಿಂದ ಮುಖ ಮುಚ್ಚಿಕೊಂಡರು. ಬೈಯುತ್ತಾರೆ ಎಂದು ನಾನು ತಯಾರಾಗಿ ನಿಂತಿದ್ದೆ. ಅವರು ಬೆರಳ ಸಂದಿಯಿಂದ, "ನಾನು ಮರೆತಿರ್ಲಿಲ್ಲ," ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಭಾನುವಾರ ಎಲ್ಲರ ಮುಂದೆ ಹೇಳು," ಎಂದರು, ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು.

ಹೇಳಿದೆ. ಮಾತಿಗೆ ಮೊದಲು ಪೀಠಿಕೆ ಹಾಕಲು ಹೋದೆ. ಡಾಕ್ಟರು ಸೀಟಿ ಊದಿ ಪೀಠಿಕೆ ಕತ್ತರಿಸಿದರು. ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು, "ಹಾಗಾದ್ರೆ ಅಮ್ಮ ಎಂಜಿನ್ ಆರಿಸಿದ್ದು ಸರಿ. ಸಹಾಯಕನ್ನ ಆರಿಸಿದ್ದೇ ತಪ್ಪು," ಅಂದರು. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ತುಟಿ ಸಹಕರಿಸಲಿಲ್ಲ. ನಗು ಮುಗಿಯುವ ಮೊದಲೇ ಡಾಕ್ಟರು ತಮ್ಮ ದೊಡ್ಡ ಎಂಜಿನ್ ಎರಡನ್ನೂ ಸದ್ದಿಲ್ಲದೆ ಅತ್ತಿಗೆಯ ಕಡೆಗೆ ಸರಿಸಿದರು. "ಇವೆರಡೂ ಯಾಕೋ ಹೊಂದ್ಕೊಳ್ತಿಲ್ಲಮ್ಮ. ಒಂದ್ಸಲ ಕೇಳಿ ನೋಡ್ತೀರಾ?"

ಅತ್ತಿಗೆ ಅವನ್ನು ಸೆರಗಿನಿಂದ ಒರೆಸಿ, ಮುಂದಿನ ವಾರ ಹೇಳುತ್ತೇನೆಂದು ಚೀಲಕ್ಕೆ ಹಾಕಿಕೊಂಡರು.

ಮನೆಗೆ ನಡೆದು ಬಂದೆವು. ಚೀಲ ನಾನು ಹೊರುತ್ತೇನೆಂದೆ, ಕೊಡಲಿಲ್ಲ. ಎಲ್ಲ ಸರಿಹೋಯಿತು ಎಂದು ನನಗೆ ಆಗಲೇ ಅನ್ನಿಸತೊಡಗಿತ್ತು. ಅವರ ಬಾಯಿಂದಲೂ ಅದನ್ನೇ ಕೇಳುವ ಚಪಲ. ಗೇಟಿನ ಹತ್ತಿರ ತಡೆಯಲಾರದೆ ಕೇಳಿಯೇಬಿಟ್ಟೆ.

"ನಾನು ಅವತ್ತೇ ಹೇಳಿದ್ರೂ ಇಷ್ಟೇ ಬೇಜಾರಾಗ್ತಿತ್ತು, ಅಲ್ವಾ ಅತ್ತಿಗೆ?"

"ಇಲ್ಲ. ಅವತ್ತಾಗಿದ್ರೆ ಬರೀ ವಿಮಾನ ಹೋಗ್ತಿತ್ತು."