ಸೀನಿದ್ದನ್ನೂ ಬರೆದಿಡುವವನು

ಆ ಕೇಂದ್ರದಲ್ಲಿ ನೆಲ ಒರೆಸುವವನನ್ನು ಎಲ್ಲರೂ ‘ಗುಮಾಸ್ತರೇ’ ಎಂದು ರೇಗಿಸುತ್ತಾರೆ. ಬಾಗಿಲ ಬಳಿಯ ಪುಸ್ತಕದಲ್ಲಿ ಅವನು ಸೀನಿದ್ದನ್ನೂ ಬರೆದಿಡುತ್ತಾನೆ: ಹತ್ತು ಗಂಟೆ ಹನ್ನೆರಡು ನಿಮಿಷ, ಎರಡು ಸೀನು. ರೇಗಿಸದವರು ಅವನ ಭಾವ ಒಬ್ಬರೇ.

ಆ ಕೇಂದ್ರದ ಕೆಲಸವೇ ಕಿವಿಗೊಟ್ಟು ಕೂರುವುದು. ಎಲ್ಲೋ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾದರೆ ಆ ಅಲುಗಾಟ ಗುರುತ್ವದ ಅಲೆಯಾಗಿ ಇಲ್ಲಿಯವರೆಗೂ ಬರುತ್ತದೆ. ಬರುವಷ್ಟರಲ್ಲಿ ಎಷ್ಟು ಸೊರಗಿರುತ್ತದೆಂದರೆ, ಉದ್ದುದ್ದ ಕೊಳವೆಗಳಲ್ಲಿ ತೂಗುಹಾಕಿದ ಕನ್ನಡಿಗಳಿಗೆ ಮಾತ್ರ ಅದು ತಿಳಿದೀತು. ಹಾಗಾಗಿ ಕೆಂಪು ದೀಪ ಉರಿಯುವಾಗ ನಡುಹಜಾರಕ್ಕೆ ಯಾರೂ ಕಾಲಿಡಬಾರದು. ಏನಾದರೂ ಬಿದ್ದರೆ, ತಾಗಿದರೆ ಹೊತ್ತು ಹಾಕಿ ಬರೆಯಬೇಕು. ಬರೆದವರನ್ನು ಬೈಯುವಂತಿಲ್ಲ, ಅದು ಅಲ್ಲಿಯ ಕಟ್ಟಳೆ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಇವನು ಕನ್ನಡಕವನ್ನು ಹಜಾರದಲ್ಲೇ ಮರೆತ. ಕೆಂಪು ದೀಪ ಉರಿಯುತ್ತಿತ್ತು. ಕಳ್ಳಬೆಕ್ಕಿನ ಹಾಗೆ ಒಳಹೊಕ್ಕ. ಕನ್ನಡಕವಿಲ್ಲದ ಕಣ್ಣಿಗೆ ತಾನೇ ಇಟ್ಟ ಬಕೆಟ್ ಕಾಣದೆ ಎಡವಿದ. ಅದು ಢಣಢಣ ಉರುಳಿತು. ಪುಸ್ತಕದ ತನಕ ಬಂದು ಪೆನ್ನು ಹಿಡಿದವನು, ಹಿಡಿದಂತೆಯೇ ಕೆಳಗಿಟ್ಟ. ಈ ಕೆಲಸ ಕೊಡಿಸಿದ್ದು ಇದೇ ಭಾವ, ಅಕ್ಕನ ಗಂಡ, ಕೊಳವೆಗಳ ಗಾಳಿ ಹೀರುವ ಪಂಪುಗಳ ಮೆಕ್ಯಾನಿಕ್. ಗೊತ್ತಾದರೆ ಭಾವ ಊಟದ ಹೊತ್ತಿನಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆಂದು ಮಾನಕ್ಕೆ ಅಂಜಿದ. ಮಾನವಂತೆ, ಮಾನ!

ಅಲೆ ಬಂದದ್ದು ಅದೇ ಗಳಿಗೆಗೆ. ದೂರದ ಇನ್ನೊಂದು ಕೇಂದ್ರದಲ್ಲಿ ಅದು ಸ್ವಚ್ಛವಾಗಿ ದಾಖಲಾಗಿತ್ತು, ಇಲ್ಲಿ ಮಾತ್ರ ಮೇಲೊಂದು ದಡಬಡ. ಪುಸ್ತಕದಲ್ಲಿ ಏನೂ ಇಲ್ಲ. ಹಾಗಾದರೆ ಪಂಪೇ ಅದುರಿರಬೇಕು ಎಂದರು ದೊಡ್ಡ ಮೇಡಂ. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವರು ಇನ್ನೊಬ್ಬರು. ಭಾವ ಹನ್ನೊಂದು ದಿನ ಒಂದೊಂದೇ ಪಂಪು ಬಿಚ್ಚಿ ಜೋಡಿಸಿದರು. ಬೆರಳು ಸುಲಿದವು. ಇವನು ಪಕ್ಕದಲ್ಲೇ ಕೂತು ಸುರಿದ ಎಣ್ಣೆ ಒರೆಸಿದ, ಬಾಯಿ ಬಿಡಲಿಲ್ಲ. ತನಗೇ ವಯಸ್ಸಾಯಿತೇನೋ, ಕೈ ತಪ್ಪುತ್ತಿದೆಯೇನೋ ಎಂದು ಭಾವ ಅಕ್ಕನ ಹತ್ತಿರ ಹೇಳಿಕೊಂಡದ್ದನ್ನು ಕೇಳಿದ ದಿನ ನಾಚಿಕೆಯಿಂದ ತಟ್ಟೆ ಬಿಟ್ಟೆದ್ದ.

ಹನ್ನೆರಡನೆಯ ದಿನ, ಭಾವನನ್ನು ಪಂಪಿನ ಕೆಲಸದಿಂದ ಬಿಡಿಸುವ ಕಾಗದ ಸಿದ್ಧವಾಗುತ್ತಿದೆ ಎಂದು ತಿಳಿಯಿತು. ಓಡಿದ. ಹಳೆಯ ತಾರೀಖಿನ ಹಾಳೆ ತೆಗೆದು ಬರೆದ: ಕನ್ನಡಕ ತರಲು ಹೋದೆ, ಬಕೆಟ್ ಉರುಳಿಸಿದೆ. ಮೇಡಂ ಓದಿದರು, ಕಟ್ಟಳೆಯಂತೆ ಬೈಯಲಿಲ್ಲ. ಅದೇ ಬಕೆಟ್ಟನ್ನು ಅದೇ ಜಾಗದಲ್ಲಿ ಮತ್ತೆ ಉರುಳಿಸಲು ಹೇಳಿದರು. ಎಲ್ಲರೆದುರು, ಹತ್ತು ಸಲ. ಪ್ರತಿ ಸಲವೂ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆ ಸದ್ದಿನ ಅಳತೆ ಹಿಡಿದು, ಅಂದಿನ ದಾಖಲೆಯಿಂದ ಅಷ್ಟನ್ನು ಕಳೆದ ಮೇಲೆ ಅಲೆ ಪರದೆಯಲ್ಲಿ ಮೂಡಿತು. ಚಪ್ಪಾಳೆ ಬಿತ್ತು.

ಭಾವ ಪಟ್ಟಿ ಕಟ್ಟಿದ ಬೆರಳಿನಿಂದ ಪರದೆ ತೋರಿಸಿ ಮೆಲ್ಲಗೆ ಹೇಳಿದರು.

"ನೂರು ಕೋಟಿ ವರ್ಷದ ಹಿಂದಿಂದು ಇಲ್ಲಿಗೆ ಬಂದು ಮುಟ್ತು ಕಣೋ. ಪಕ್ಕದಲ್ಲೇ ಕೂತಿದ್ದ ನಿನ್ನ ಬಾಯಿಂದ ಒಂದು ಮಾತು ನನ್ನ ತನಕ ಬರಲಿಲ್ವಲ್ಲ."

ಅಂದಿನಿಂದ ಭಾವ ಇವನನ್ನು ಒಂದು ದಿನವೂ ಆಡಿಕೊಂಡಿಲ್ಲ. ಊಟದ ಹೊತ್ತಿಗೆ ಇವನು ಎದುರಿಗೇ ಕೂರುತ್ತಾನೆ, ಇವತ್ತಾದರೂ ಆಡಿಕೊಂಡಾರೇನೋ ಎಂದು.