ಅರವತ್ತು ತುಂಬಿದ ಮೇಲೆ

ಮುಂಬಯಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಬದುಕಿರುವವರು ಯಾವಾಗ ಸಾಯಬಹುದೆಂದು ಲೆಕ್ಕ ಹಾಕುವುದು. ಹಿರಿಯ ಸಾಹೇಬರು ಆಯುಸ್ಸಿನ ಕೋಷ್ಟಕ ಮುಂದಿಟ್ಟಾಗ, ಜೇವರ್ಗಿಯಲ್ಲಿದ್ದ ಅವ್ವನ ವಯಸ್ಸಿನ ಸಾಲಿಗೇ ಕಣ್ಣು ಹೋಯಿತು. ಪುಟ ಮುಚ್ಚಿಬಿಟ್ಟೆ.

ವಿಮೆಗೆ, ಪಿಂಚಣಿಗೆ ಹೀಗೆ ಲೆಕ್ಕ ಹಾಕುವವನನ್ನು ಇಲ್ಲಿ ಆಕ್ಚುಯರಿ ಎನ್ನುತ್ತಾರೆ. ಅದರ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಕಚೇರಿ ಬಿಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದೆ. ಮಲಗಲು ಚಾಳಿನಲ್ಲೊಂದು ಕೋಣೆ. ಚಾಳೆಂದರೆ ಒಂದೇ ಪಡಸಾಲೆಗೆ ಬಾಗಿಲು ತೆರೆಯುವ ಕೋಣೆಗಳ ಸಾಲು. ಊರಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಆಕಾಶವೆಲ್ಲ ನಮ್ಮದು. ಇಲ್ಲಿ ಕಿಟಕಿ ತೆರೆದರೆ ಎದುರುಮನೆಯ ಗೋಡೆ. ನಿಜಾಮರ ಶಾಲೆಯಲ್ಲಿ ಕಲಿತ ಉರ್ದು ನಲ್ಲಿಯ ಸರದಿಯಲ್ಲಿ ಕೆಲಸಕ್ಕೆ ಬರಲಿಲ್ಲ. ಮರಾಠಿಯಲ್ಲಿ ಜಗಳವಾಡಿ ಮೊದಲ ಸಲ ಕೊಡ ತುಂಬಿಸಿಕೊಂಡ ದಿನ, ಪಕ್ಕದ ಕೋಣೆಯ ನೀಲಮ್ಮ ನಗುತ್ತ ಬಿಸಿ ಜೋಳದ ರೊಟ್ಟಿ ಕೊಟ್ಟಳು.

ಅವಳ ಗಂಡ ಶರಣಪ್ಪ ನಮ್ಮೂರ ಹತ್ತಿರದ ಯಡ್ರಾಮಿಯವನು, ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ. ಅದೇ ಗಿರಣಿಯವರು ಕೆಲಸಗಾರರ ಪಿಂಚಣಿ ಯೋಜನೆಗೆಂದು ನಮ್ಮ ಕಚೇರಿಗೆ ಬಂದರು.

“ತಮ್ಮಾ, ನಮ್ಮ ವಜೀಫಾದ ಲೆಕ್ಕ ನೀನೇ ಮಾಡಾಕತ್ತೀಯಂತಲ್ಲ. ಅರವತ್ತು ತುಂಬಿದ ಮ್ಯಾಲ ಕೊಡ್ತಾರಂತ, ಖರೇ ಏನು?” ಎಂದ ಶರಣಪ್ಪ. ನಮ್ಮ ಕಡೆ ಪಿಂಚಣಿಗೆ ವಜೀಫಾ ಎನ್ನುತ್ತೇವೆ.

“ಹೌದ್ರಿ ಕಾಕಾ,” ಎಂದೆ. ಅವನು ಕೆಮ್ಮುತ್ತಲೇ ನಕ್ಕ.

ಹತ್ತಿಯ ಧೂಳಿನಲ್ಲಿ ದುಡಿದವರು ಅರವತ್ತು ಮುಟ್ಟುವುದೇ ಅಪರೂಪವೆಂದು ಲೆಕ್ಕ ಹೇಳುತ್ತಿತ್ತು. ಗಿರಣಿಯ ಮಾಲೀಕರೆದುರು ಎದ್ದು ನಿಂತು, ಪಿಂಚಣಿ ಐವತ್ತಕ್ಕೇ ಸಿಗಬೇಕು, ಇಲ್ಲವಾದರೆ ಪಡೆಯಲು ಯಾರೂ ಉಳಿಯುವುದಿಲ್ಲ ಎಂದೆ.

“ಹಾಗಾದರೆ ಖರ್ಚು ಕಡಿಮೆಯಾಯಿತು,” ಎಂದರು ಮಾಲೀಕರು.

ಅರವತ್ತರ ಆ ವರದಿಗೆ, ಲೆಕ್ಕ ಮಾಡಿದವನೆಂದು ನಾನು ರುಜು ಹಾಕಲಿಲ್ಲ. ಸಾಹೇಬರು ತಾವೇ ಹಾಕಿ, ಮರುದಿನ ಇನ್ನೊಂದು ಗಿರಣಿಯ ಕಾಗದಗಳನ್ನು ನನ್ನ ಮೇಜಿಗೆ ಕಳಿಸಿದರು. ಕರಾರು ಮುರಿಯುವ ತಾಕತ್ತು ನನಗಿರಲಿಲ್ಲ.

ವಜೀಫಾ ನಂಬಿ ಕೂಡಬೇಡಿರೆಂದು ಶರಣಪ್ಪನಿಗೆ ಹೇಳಿದೆ. ಅವನು, “ಹಂಗಾದ್ರ ಈಗ ಹೊಂಟೇವಿ ತಮ್ಮಾ, ಉಸಿರಿರೂತನಕ ಊರ ಗಾಳಿ ಕುಡೀತೀನಿ,” ಎಂದ. ರೈಲು ಹತ್ತಿದ ನೀಲಮ್ಮ ಕಿಟಕಿಯಿಂದ ಕೂಗಿದಳು: “ನೀವೂ ಬರ್ರಿ!” ನಾನು ಕೈಯೆತ್ತಿದೆ, ಅಷ್ಟೇ.

ಬೇಸಿಗೆಯಲ್ಲಿ ರಜೆ ಪಡೆದು ಯಡ್ರಾಮಿಗೆ ಹೋದಾಗ ಶರಣಪ್ಪ ಬೇವಿನ ನೆರಳಲ್ಲಿ ಕೂತಿದ್ದ. ಸೊರಗಿದ್ದ, ಆದರೂ ಕೆಮ್ಮು ತಗ್ಗಿತ್ತು. “ಮುಂಬೈದವರು ಬಂದಾರ, ಚಾಪಿ ಹಾಸು,” ಎಂದು ಹೆಂಡತಿಯನ್ನು ಕೂಗಿದ.

ಚಾಪೆಯ ತುದಿಯಲ್ಲಿ, ನೆಂಟನಂತೆ ಕೂತೆ.